ಮಾನ್ಯರ ಮುಖದ ಮೇಲೆ ಕೂರತಕ್ಕದ್ದಲ್ಲ

ಮಾನ್ಯ ಮ್ವೆಲ್ವಾ ಕಪಂಬ್ವೆಯವರು ಮೂವತ್ತೊಂದು ವರ್ಷಗಳ ಸಾರ್ವಜನಿಕ ಸೇವೆಯಲ್ಲಿ ಐದು ಪಕ್ಷಗಳನ್ನು ಸೇರಿದರೂ ಒಮ್ಮೆಯೂ ಆಡಳಿತ ಪಕ್ಷವನ್ನು ಬಿಟ್ಟವರಲ್ಲ. ಸರ್ಕಾರಗಳೇ ಅವರನ್ನು ಬಿಟ್ಟು ಹೋಗುತ್ತಿದ್ದವು. ಅವರು ಇದ್ದಲ್ಲೇ ಇರುತ್ತಿದ್ದರು. ಮೀನುಗಾರಿಕೆ, ರಸ್ತೆ, ಜೈಲು, ಮತ್ತೆ ಮೀನುಗಾರಿಕೆ, ಹೀಗೆ ಅವರು ಕೂರದ ಕುರ್ಚಿ ರಾಜಧಾನಿಯಲ್ಲಿ ಉಳಿದಿದ್ದು ಒಂದೇ, ದೇಶದ ಉಪಾಧ್ಯಕ್ಷರದ್ದು. ಅದರಲ್ಲಿ ಒಂದು ದಿನವಾದರೂ ಕೂತು ಸಾಯಬೇಕೆಂಬುದು ಅವರ ಆಸೆ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಚುನಾವಣೆ ಬಂತೆಂದರೆ ಚಿತೆಂಗೆ ಬಂತೆಂದೇ ಲೆಕ್ಕ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳುವ ಆ ಎರಡು ಮೀಟರ್ ಬಟ್ಟೆಯ ಮೇಲೆ ನಾಯಕರ ಮುಖ ಅಚ್ಚುಹಾಕಿಸಿ ಹಂಚುತ್ತಾರೆ. ಪಕ್ಷ ಬದಲಾದಾಗಲೆಲ್ಲ ಕಪಂಬ್ವೆಯವರ ಬಟ್ಟೆಯ ಬಣ್ಣ ಬದಲಾಗುತ್ತಿತ್ತು, ಮುಖ ಮಾತ್ರ ಅದೇ. ಆದರೆ ಈ ಸಲ ಅಚ್ಚಿನವನು ಭಕ್ತಿ ಹೆಚ್ಚಾಗಿ ಮುಖವನ್ನು ಬಟ್ಟೆಯ ನಟ್ಟನಡುವೆ ಹಾಕಿದ್ದ. ಉಟ್ಟಾಗ ಅದು ಸರಿಯಾಗಿ ಹಿಂಭಾಗಕ್ಕೆ ಬರುತ್ತಿತ್ತು. ಸಭೆಯಲ್ಲಿ ಎಲ್ಲರೂ ಕುಳಿತುಕೊಳ್ಳಬೇಕೆಂದು ಅವರೇ ವಿನಂತಿಸಿದಾಗ ಮುನ್ನೂರು ಹೆಂಗಸರು ಒಟ್ಟಿಗೆ ಅವರ ಮುಖದ ಮೇಲೆ ಕುಳಿತರು. ಅಂದು ಅವರಿಗೆ ಊಟ ಸೇರಲಿಲ್ಲ.

ಮರುವಾರವೇ ಮುಖಗೌರವ ಆದೇಶ ಹೊರಬಿತ್ತು. ‘ಮಾನ್ಯರ ಮುಖವುಳ್ಳ ವಸ್ತ್ರವನ್ನು ಧರಿಸಿದ ಯಾವುದೇ ವ್ಯಕ್ತಿಯು, ಸದರಿ ವಸ್ತ್ರವು ಮೈಮೇಲಿರುವಷ್ಟು ಕಾಲ, ಎಲ್ಲಿಯೂ ಕೂರತಕ್ಕದ್ದಲ್ಲ. ಒರಗಲು ಪೂರ್ವಾನುಮತಿ ಪಡೆಯತಕ್ಕದ್ದು. ಕುಣಿಯುವುದು ಕಡ್ಡಾಯವಲ್ಲ, ಅಪೇಕ್ಷಣೀಯ.’ ಹೆಂಗಸರು ಬಸ್ಸಿನಲ್ಲಿ ನಿಂತರು, ಆಸ್ಪತ್ರೆಯಲ್ಲಿ ನಿಂತರು, ಸಾವಿನ ಮನೆಯಲ್ಲೂ ನಿಂತೇ ಅತ್ತರು. ದೇಶ ಎದ್ದು ನಿಂತಿದೆ ಎಂದು ರೇಡಿಯೋ ಹೇಳಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊದಲು ಸಿಕ್ಕಿಬಿದ್ದವಳು ಸಂತೆಯಲ್ಲಿ ಒಣಮೀನು ಮಾರುವ ಬಾನಾ ಚೋಲಾ. ಅವಳನ್ನು ಖುದ್ದು ಮಾನ್ಯರ ಮುಂದೆಯೇ ತಂದು ನಿಲ್ಲಿಸಲಾಯಿತು.

“ನನ್ನ ಮುಖದ ಮೇಲೆ ಕೂತಿದ್ದು ನಿಜವೇನಮ್ಮಾ?”

“ನಿಜ, ದೊಡ್ಡೋರೇ. ಮಂಡಿನೋವು. ಮೂವತ್ತೊಂದು ವರ್ಷದಿಂದ ನೀವು ನಮ್ಮ ತಲೆ ಮೇಲೆ ಕೂತಿದ್ದೀರಿ, ನಾವೇನಾದ್ರೂ ಆದೇಶ ಹೊರಡಿಸಿದ್ವಾ?”

ಉತ್ತರವನ್ನು ದಾಖಲಿಸಿಕೊಂಡು, ಒಂದು ತಿಂಗಳು ನಿಂತೇ ಮೀನು ಮಾರತಕ್ಕದ್ದೆಂದು ಶಿಕ್ಷೆ ವಿಧಿಸಲಾಯಿತು. ನಿಂತವಳು ಸಂತೆಗೆಲ್ಲ ಕಂಡಳು. ತಿಂಗಳು ಮುಗಿಯುವಷ್ಟರಲ್ಲಿ ಅವಳು ವಿರೋಧ ಪಕ್ಷದ ಮಹಿಳಾ ಘಟಕದ ಅಧ್ಯಕ್ಷೆಯಾಗಿದ್ದಳು. ಚುನಾವಣೆಯಲ್ಲಿ ಆ ಪಕ್ಷ ಗೆದ್ದಿತು. ಕಪಂಬ್ವೆಯವರು ಅಂದು ಮಧ್ಯಾಹ್ನವೇ ಅದನ್ನು ಸೇರಿದರು. ಅನುಭವಿಗಳು ಬೇಕಲ್ಲ ಎಂದು ಹೊಸ ಅಧ್ಯಕ್ಷರು ಅವರಿಗೆ ಉಪಾಧ್ಯಕ್ಷ ಪದವಿಯನ್ನೇ ಕೊಟ್ಟರು.

ಪ್ರಮಾಣವಚನದ ಬೆಳಿಗ್ಗೆ ಮಹಿಳಾ ಘಟಕವು ಹಾಡುತ್ತ ಬಂದು ಅವರಿಗೆ ಒಂದು ಸೂಟು ತೊಡಿಸಿತು. ಹಳೆಯ ಚಿತೆಂಗೆಗಳಿಂದಲೇ ಹೊಲಿದದ್ದು. ಮುಖ ಎಲ್ಲಿ ಬಂದಿದೆಯೆಂದು ಅವರು ತಿರುಗಿ ನೋಡಿಕೊಳ್ಳಲಿಲ್ಲ, ಮೈಯೆಲ್ಲ ಪುಳಕವಾಗಿತ್ತು. ಪ್ರಮಾಣ ಮುಗಿಸಿ, ಮೂವತ್ತೊಂದು ವರ್ಷ ಕಾದ ಕುರ್ಚಿಯತ್ತ ಅವರು ಮಂಡಿ ಮಡಿಸಿದಾಗ ಸಂಪುಟ ಕಾರ್ಯದರ್ಶಿ ಲುಕೊಂಡೆಯವರು ಕೆಮ್ಮಿದರು.

“ಕೂರೋ ಹಾಗಿಲ್ಲ, ಸರ್. ಹಿಂದೆ ಮಾನ್ಯರಿದ್ದಾರೆ.”

“ಮಾನ್ಯ ನಾನೇ ಕಣಯ್ಯಾ.”

“ಆದೇಶದಲ್ಲಿ ‘ಯಾವುದೇ ವ್ಯಕ್ತಿ’ ಅಂತಿದೆ, ಸರ್. ನೀವೇ ಬರೆದದ್ದು.”

ಆದೇಶವನ್ನು ರದ್ದುಮಾಡುವ ಅಧಿಕಾರ ಕುಳಿತ ಉಪಾಧ್ಯಕ್ಷರಿಗೆ ಮಾತ್ರ ಇತ್ತು. ತಾಯಂದಿರು ತೊಡಿಸಿದ ಬಟ್ಟೆಯನ್ನು ಅವರೆದುರೇ ಕಳಚುವುದು ಯಾವ ಪಕ್ಷದಲ್ಲೂ ನಡೆಯದು. ಪ್ರಮಾಣವಾದ ಮೇಲೆ ಕುರ್ಚಿ ಐದು ನಿಮಿಷಕ್ಕಿಂತ ಹೆಚ್ಚು ಖಾಲಿ ಇರುವಂತೆಯೂ ಇಲ್ಲ. ಮೂರು ನಿಮಿಷ ಕಳೆದಿತ್ತು. ಪಾಪ, ಮಾನ್ಯರ ಕಣ್ಣಲ್ಲಿ ನೀರು ಬಂತು.

ಆಗ ಬಾನಾ ಚೋಲಾ ಎದ್ದಳು. “ಮುಖ ತೊಟ್ಟೋರು ಕೂರಬಾರದು ಅಂತಿದೆ. ಮುಖಾನೇ ಕೂರಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ?”

ಕಾನೂನು ತಜ್ಞರು ತಲೆದೂಗಿದರು. ಗೋಡೆಯ ಮೇಲಿದ್ದ ಮಾನ್ಯರ ಭಾವಚಿತ್ರವನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಲಾಯಿತು. ಅಧ್ಯಕ್ಷರು ಅದಕ್ಕೆ ಹಾರ ಹಾಕಿದರು.

ಮಾರನೆಯ ದಿನ ಕಪಂಬ್ವೆಯವರು ಸಾದಾ ಪ್ಯಾಂಟಿನಲ್ಲಿ ಬೇಗನೆ ಬಂದರು. ಸ್ಥಾನ ತೆರವಾಗಿಲ್ಲವೆಂದು ಲುಕೊಂಡೆ ವಿನಯದಿಂದ ತಿಳಿಸಿದರು. ಕೂತವರು ಸ್ವಹಸ್ತದಿಂದ ರಾಜೀನಾಮೆ ಬರೆದುಕೊಡಬೇಕಿತ್ತು, ಚಿತ್ರಕ್ಕೆ ಕೈಯಿರಲಿಲ್ಲ. ಕಪಂಬ್ವೆಯವರು ಪಕ್ಕದಲ್ಲಿ ನಿಂತರು. ಮೌನವೇ ಸಮ್ಮತಿಯೆಂದು ಪರಿಗಣಿಸಿದ್ದರಿಂದ ಕಡತಗಳು ಹಿಂದೆಂದಿಗಿಂತ ಬೇಗ ಸಾಗಿದವು. ಬಂದವರು ಕುರ್ಚಿಗೆ ನಮಸ್ಕರಿಸಿ, ನಿಂತವರನ್ನು ಚಹಾ ಕೇಳುತ್ತಿದ್ದರು. ಮೊದಮೊದಲು ಅವರಿಗೆ ಅವಮಾನವಾಗುತ್ತಿತ್ತು. ಬರಬರುತ್ತ ಯಾರಿಗೆ ಎಷ್ಟು ಸಕ್ಕರೆ ಎಂಬುದು ಬಾಯಿಪಾಠವಾಯಿತು.

ಎರಡು ವರ್ಷಕ್ಕೆ ಮತ್ತೆ ಚುನಾವಣೆ ಬಂದು ಸರ್ಕಾರ ಬಿತ್ತು. ಅಂದು ಮಧ್ಯಾಹ್ನವೇ ಗೆದ್ದ ಪಕ್ಷದ ಕಾರು ಬಂತು. ಚಾಲಕ ಚಿತ್ರವನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಕೂರಿಸಿದ.

“ಮತ್ತೆ ನಾನು?” ಎಂದರು ಕಪಂಬ್ವೆ.

“ಪಟ್ಟೀಲಿ ಮಾನ್ಯರ ಹೆಸರೊಂದೇ ಇರೋದು, ಅಜ್ಜಾ.”

ಅದು ನ್ಯಾಯವೇ ಎಂದು ಅವರಿಗೂ ಅನಿಸಿತು. ಕಿಟಕಿಯೊಳಗೆ ಕೈಹಾಕಿ, ಮಾನ್ಯರ ಸಡಿಲವಾಗಿದ್ದ ಸೀಟ್ ಬೆಲ್ಟನ್ನು ಬಿಗಿಮಾಡಿ, ರಸ್ತೆ ಹೊಂಡಮಯವಾಗಿದೆ, ನಿಧಾನಕ್ಕೆ ಹೋಗಪ್ಪಾ ಎಂದು ಹೇಳಿದರು.