ಜೋಡಿ ಸರ್ವರ್ ಮತ್ತು ಮೂಲೆಯಲ್ಲಿ ಕೂತ ಅವ್ವ

ಕಂಪ್ಯೂಟರ್ ಕೆಲಸದವನ ಎದೆ ಒಡೆಯೋಕೆ ವೈರಸ್ಸೇ ಬೇಕಾಗಿಲ್ಲ, ಒಂದು ಸೀರೆ ಅಂಗಡಿ ಸಾಕು. ಎರಡು ಸಾವಿರದ ಇಸವಿಯ ಆಚೀಚೆ ನಾನು ಚಳ್ಳಕೆರೆಯ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇಲ್ಲಿ ಹೊಡೆದ ಆರ್ಡರ್ ಫೋನ್ ಲೈನಿನಲ್ಲಿ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿನ ನಮ್ಮ ಆಫೀಸಿನಲ್ಲಿ ಚೀಟಿಯಾಗಿ ಬಿದ್ದು, ನೇಕಾರರ ಮನೆ ಸೇರುತ್ತಿತ್ತು. ಕಂಪ್ಯೂಟರ್ ಕೆಟ್ಟರೂ ಮಗ್ಗ ನಿಲ್ಲಬಾರದು ಅಂತ ನಾನೇ ಬಡ್ಕೊಂಡು ಜೋಡಿ ಸರ್ವರ್, ಅಂದರೆ ಒಂದೇ ಕೆಲಸಕ್ಕೆ ಎರಡು ಕಂಪ್ಯೂಟರ್, ಹಾಕಿಸಿದ್ದೆ. ದೊಡ್ಡೋನು ದುಡಿಯುತ್ತಾನೆ, ಚಿಕ್ಕೋನು ಅವನ ಉಸಿರು ನೋಡುತ್ತಾ ಕೂತಿರುತ್ತಾನೆ. ದೊಡ್ಡೋನು ಬಿದ್ದ ಕೂಡಲೇ ಚಿಕ್ಕೋನು ಕೆಲಸ ಎತ್ತಿಕೊಳ್ಳುತ್ತಾನೆ. ಹಾಗಂತ ನಾನು ನಂಬಿದ್ದೆ. ಮನೆಯಲ್ಲಿ ಹೆಂಡತಿ ಬಸುರಿ, ಆ ಕೆಲಸ ಬಿಟ್ಟರೆ ನನಗೆ ಬೇರೆ ಗತಿ ಇರಲಿಲ್ಲ.

೧. ಸುಮ್ನೆ ಕೂತೋನು

ಒಂದು ಮಧ್ಯಾಹ್ನ ದೊಡ್ಡೋನು ಸುಟ್ಟ ವಾಸನೆ ಬಿಟ್ಟು ಮಲಗಿಬಿಟ್ಟ. "ಏನೂ ಆಗಲ್ಲ, ನೋಡ್ತಾ ಇರ್ರಿ" ಅಂದೆ ಗತ್ತಿನಿಂದ. ಎಲ್ಲರೂ ಹತ್ತು ನಿಮಿಷ ನೋಡಿದರು. ಪರದೆ ಕಪ್ಪಗೇ ಇತ್ತು. ಒಳಗೆ ಓಡಿದರೆ ಚಿಕ್ಕೋನ ಸ್ವಿಚ್ಚೇ ಆಫ್! ಅಯ್ಯೋ ಶಿವನೇ!

"ಯಾರ್ರೀ ಇದನ್ನ ಆಫ್ ಮಾಡಿದ್ದು?"

"ನಾನೇ ಕಣಲೇ" ಅಂದರು ಯಜಮಾನರು, ಹೆಮ್ಮೆಯಿಂದ. "ತಿಂಗಳಿಂದ ನೋಡ್ತಾ ಇದೀನಿ, ಒಂದು ಕೆಲಸ ಮಾಡಿಲ್ಲ ಅದು. ಸುಮ್ನೆ ಕೂತೋನಿಗೆ ಕರೆಂಟ್ ಯಾಕೆ?"

ದಿನವಿಡೀ ಅಂಗಡಿ ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿರುತ್ತಿದ್ದ ಅವರ ಅವ್ವ ತಲೆ ಎತ್ತಿ, "ಹಂಗಾದ್ರೆ ನಾಳೆಯಿಂದ ನಂಗೂ ಊಟ ಬ್ಯಾಡ ಅನ್ನು" ಅಂದರು.

೨. ನೇಕಾರರ ಕತ್ತರಿ

ದೊಡ್ಡೋನು ರಿಪೇರಿಯಾಗಿ ಬಂದ. ಚಿಕ್ಕೋನು ಅವನ ಉಸಿರು ನೋಡೋದು ಇಬ್ಬರ ನಡುವಿನ ಒಂದು ತೆಳ್ಳನೆ ವೈರಿನಲ್ಲಿ. ಒಂದಿನ ಮೊಳಕಾಲ್ಮೂರಿನಿಂದ ಸೀರೆ ತಂದಿದ್ದ ಹಿರಿಯ ನೇಕಾರರೊಬ್ಬರು ಅದರ ಪಕ್ಕ ಕೂತಿದ್ದರು. ಅವರು ಹೋದ ಮೇಲೆ ನೋಡಿದರೆ ವೈರು ಎರಡು ತುಂಡು! ಫೋನ್ ಮಾಡಿ ಕೇಳಿದರೆ, "ಜೋಲಾಡ್ತಿತ್ತಲ್ಲಪ್ಪಾ! ಜೋಲೋ ದಾರ ಕಂಡ್ರೆ ನಮ್ ಕೈ ಸುಮ್ನಿರುತ್ತಾ? ನೀಟಾಗಿ ಕತ್ತರಿಸಿದೀನಿ" ಅಂದರು.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ದೊಡ್ಡೋನು ಸತ್ತ ಅಂದುಕೊಂಡು ಚಿಕ್ಕೋನೂ ದುಡಿಯೋಕೆ ಶುರು ಮಾಡಿದ್ದ. ಇಬ್ಬರೂ ಒಂದೇ ಆರ್ಡರ್ ಕಳಿಸಿ, ಒಂದು ಮದುವೆ ಸೀರೆ ಎರಡು ಮಗ್ಗದಲ್ಲಿ ನೇಯ್ದು ಬಂತು. ಒಂದನ್ನು ಆರ್ಡರ್ ಕೊಟ್ಟಿದ್ದ ಹೆಣ್ಣಿನ ತಾಯಿ ಒಯ್ದರು. ಇನ್ನೊಂದನ್ನು ಯಜಮಾನರು ಯಾರಿಗೋ ಮಾರಿದರು. ಆ ಯಾರೋ ಗಂಡಿನ ತಾಯಿ ಅಂತ ಗೊತ್ತಾಗಿದ್ದು ಬೀಗಿತ್ತಿಯರಿಬ್ಬರೂ ಒಂದೇ ಥರದ ಸೀರೆ ಉಟ್ಟು ಮಂಟಪದಲ್ಲಿ ಎದುರುಬದುರು ನಿಂತಾಗ.

೩. ಪರೀಕ್ಷೆ

ಯಜಮಾನರು ಕೆಂಡವಾದರು. "ನಾಳೆ ನನ್ನೆದುರಿಗೇ ಒಂದನ್ನ ಕೆಡವಿ ತೋರ್ಸು. ಕೆಲ್ಸ ನಿಂತ್ರೆ ಆ ಪೆಟ್ಟಿಗೆಗಳ ಜತೆ ನೀನೂ ಮನೆಗೆ!"

ಮಾರನೇ ದಿನ ಹೊಸ ವೈರು ಹಾಕಿ, ದೇವರನ್ನು ನೆನೆದು ದೊಡ್ಡೋನ ಪ್ಲಗ್ ಕಿತ್ತೆ. ಪರದೆ ಒಂದು ಕ್ಷಣ ತಡವರಿಸಿ ಮತ್ತೆ ಎದ್ದು ನಿಂತಿತು! ನನ್ನ ಕಣ್ಣಲ್ಲಿ ನೀರೇ ಬಂತು. ಯಜಮಾನರಿಗೆ ಖುಷಿಯೋ ಖುಷಿ. "ಭಲೇ! ಇದನ್ನೂ ಕಿತ್ರೆ?" ಅಂದವರೇ ನಾನು ಬ್ಯಾಡ ಬ್ಯಾಡ ಅನ್ನೋದರೊಳಗೆ ಚಿಕ್ಕೋನ ಪ್ಲಗ್ಗೂ ಕಿತ್ತುಬಿಟ್ಟರು.

ಎಲ್ಲಾ ಕಪ್ಪು. ಮತ್ತೆ ಎಬ್ಬಿಸೋಕೆ ಅರ್ಧ ಗಂಟೆಯಾದರೂ ಬೇಕು. ಅದೇ ಹೊತ್ತಿಗೆ ಮೊಳಕಾಲ್ಮೂರಿನ ಫೋನು: ಮಗ್ಗ ನಿಂತೈತೆ, ಇವತ್ತಿನ ಸೀರೆಗಳಿಗೆ ಯಾವ ಅಂಚು, ಯಾವ ಬಣ್ಣ, ಬೇಗ ಹೇಳ್ರಿ! ಯಜಮಾನರು ನನ್ನ ಮುಖ ನೋಡಿದರು. ನಾನು ನನ್ನ ಬ್ಯಾಗು ನೋಡಿದೆ.

ಅವ್ವ ಎದ್ದು ಬಂದು ಫೋನ್ ಕಸಿದುಕೊಂಡರು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ, ಮೂಲೆಯಲ್ಲಿ ಕೂತೇ ಕೇಳಿಸಿಕೊಂಡಿದ್ದ ಅವತ್ತಿನ ಹನ್ನೊಂದು ಆರ್ಡರನ್ನೂ ಅಂಚು, ಸೆರಗು, ಬಣ್ಣ ಸಮೇತ ಒಂದೇ ಉಸಿರಿಗೆ ಒಪ್ಪಿಸಿ ಫೋನ್ ಇಟ್ಟರು.

"ಅವ್ವಾ, ಎಲ್ಲಾ ನಿನ್ ತಲೇಲೇ ಐತೆ ಅಂದ್ರೆ ಇವನ್ಯಾಕೆ?" ಅಂದರು ಯಜಮಾನರು, ನನ್ನ ಕಡೆ ಬೆರಳು ಮಾಡಿ.

ಅವ್ವ ಮೂಲೆಗೆ ಹೋಗಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಅಂದರು: "ನಂಗೂ ವಯಸ್ಸಾತಲ್ಲೋ. ನಾನು ಬಿದ್ದ ದಿನಕ್ಕೆ ಅಂತ ಇವ್ನು ಇರ್ಲಿ. ಸುಮ್ನೆ ಕೂತವ್ನೆ ಅಂತ ಇವನ್ನ ಮಾತ್ರ ಆಫ್ ಮಾಡಬ್ಯಾಡ."