ಹಾರಿಸಿದವರಿಗೇ ಕೋಣೆ

ಲಿಫ್ಟಪ್ಪನಿಗೆ ಬಾಳಿನಲ್ಲಿ ಒಂದೇ ಒಂದು ಕೊರಗಿತ್ತು. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿ ಊರಿನ ಅರ್ಧ ಜನರನ್ನು ಮೇಲೇರಿಸಿದ್ದರೂ ಅವರಲ್ಲಿ ಒಬ್ಬರೂ ಛಾವಣಿ ದಾಟಿ ಹೋಗಿರಲಿಲ್ಲ. ಏರಿದವರೆಲ್ಲ ಅದೇ ಗೂಡಿನಲ್ಲಿ ನಿಂತು, ಅದೇ ಕತ್ತಲೆಯ ಕೊಳವೆಯಲ್ಲಿ ಇಳಿದು ಬರುತ್ತಿದ್ದರು. ಇದೂ ಒಂದು ಏರಿಕೆಯಾ ಎಂದು ಅವನು ನಿಟ್ಟುಸಿರು ಬಿಟ್ಟಾಗಲೆಲ್ಲ ಹೆಂಡತಿ, "ಮೇಲೆ ಹೋದೋರು ಕೆಳಗೆ ಬರ್ದೇ ಇದ್ದಿದ್ರೆ ಪೊಲೀಸ್ನೋರು ನಿಮ್ಮನ್ನ ಯಾವಾಗ್ಲೋ ಎಳ್ಕೊಂಡ್ ಹೋಗಿರೋರು ಕಣ್ರೀ" ಎನ್ನುತ್ತಿದ್ದಳು. (ಗಂಡನಿಗೆ ಸಮಾಧಾನ ಹೇಳುವುದರಲ್ಲಿ ಆಕೆಯದು ಎತ್ತಿದ ಕೈ.)

ಇಂಥ ಹೊತ್ತಿನಲ್ಲಿ ಅವನ ಕೈಗೆ ಆ ಆಟ ಸಿಕ್ಕಿತು. ಕಂಪ್ಯೂಟರಿನಲ್ಲಿ ಬಾಹ್ಯಾಕಾಶ ನೌಕೆ ಕಟ್ಟುವ ಆಟ. ರಾಕೆಟ್ಟು, ಟ್ಯಾಂಕು, ರೆಕ್ಕೆ, ಚಕ್ರ, ಎಲ್ಲವನ್ನೂ ಕೊಡುತ್ತಾರೆ. ಪ್ರೊಪೆಲ್ಲರ್ ಒಂದನ್ನು ಮಾತ್ರ ಕೊಡುವುದಿಲ್ಲ. ಕೊಡದೇ ಇರುವುದನ್ನೇ ಮಾಡಿ ತೋರಿಸಬೇಕೆಂಬುದು ಆ ಆಟದವರಲ್ಲಿ ದೊಡ್ಡ ಪಂಥ. ಬೇರೆ ಯಾವುದಕ್ಕೋ ಇಟ್ಟ ಚಕ್ರವನ್ನು ತಂದು, ಅದರ ಸುತ್ತ ರೆಕ್ಕೆಯ ಚೂರುಗಳನ್ನು ಓರೆಯಾಗಿ ಜೋಡಿಸಿ, ಬಿಸಿಲಿನಿಂದ ಬರುವ ಕರೆಂಟಿನಲ್ಲಿ ಗರಗರ ತಿರುಗಿಸಿ, ಒಂದು ತೊಟ್ಟು ಇಂಧನವಿಲ್ಲದೆ ವಿಮಾನ ಎಬ್ಬಿಸಬೇಕು. ಲಿಫ್ಟಪ್ಪ ಮನೆಯ ಹಿಂದಿನ ಸಣ್ಣ ಕೋಣೆಗೆ ಕಂಪ್ಯೂಟರನ್ನೂ ತಿರುಗುವ ಕುರ್ಚಿಯನ್ನೂ ಚಳಿಗೊಂದು ಹೀಟರನ್ನೂ ಸಾಗಿಸಿ, ವಿಮಾನದಲ್ಲಿ ಒಬ್ಬ ಕುಳ್ಳ ಗುಜ್ಜಾರಿ ಪೈಲಟ್‌ನನ್ನು ಕೂರಿಸಿ, ಅವನಿಗೆ ತನ್ನದೇ ಹೆಸರಿಟ್ಟು, ಈ ಮಹಾಕಾರ್ಯಕ್ಕೆ ಕೈಹಾಕಿದ.

ತೊಡಕು ಇದ್ದದ್ದು ಒಂದೇ ಕಡೆ. ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ವಿಮಾನದ ಮೈ ಎಡಕ್ಕೆ ತಿರುಗಿಕೊಳ್ಳುತ್ತದೆ. ಲಿಫ್ಟಿನ ಕೆಲಸದಲ್ಲಿ ಮೇಲೇರುವ ಪ್ರತಿಯೊಂದಕ್ಕೂ ಎದುರುತೂಕ ಕಟ್ಟುತ್ತಾರೆ. ಆ ಅಭ್ಯಾಸ ಅವನ ಕೈಯನ್ನು ಬಿಡಲಿಲ್ಲ. ಎಡಕ್ಕೆ ವಾಲಿದರೆ ಬಲಕ್ಕೊಂದು ಕಬ್ಬಿಣದ ಗಟ್ಟಿ, ಬಲಕ್ಕೆ ವಾಲಿದರೆ ಎಡಕ್ಕೊಂದು, ಮೂಗು ಎತ್ತಿದರೆ ಮೂಗಿಗೊಂದು. ಕೊನೆಗೆ ಆ ವಿಮಾನ ಹಾರುವುದಿರಲಿ, ರನ್‌ವೇ ಮೇಲೆ ಹೊಟ್ಟೆ ತಾಗಿಸಿಕೊಂಡು ಗಿರ್ರನೆ ಬುಗುರಿಯಾಡತೊಡಗಿತು. ಒಳಗಿದ್ದ ಪೈಲಟ್ ಬಾಯಿ ತೆರೆದುಕೊಂಡು ಸುತ್ತುತ್ತಿದ್ದ.

"ಅಪ್ಪ ಹೋದ್ಮೇಲೆ ಅಮ್ಮ ಎರಡು ಬೀದಿ ಆಚೆ ಒಬ್ರೇ ಇದಾರೆ" ಎಂದಳು ಹೆಂಡತಿ ಒಂದು ಬೆಳಿಗ್ಗೆ. "ಈ ಕೋಣೆ ಅವರಿಗೆ ಬಿಟ್ಕೊಡಿ."

"ಇದು ಕೋಣೆ ಅಲ್ಲ ಕಣೇ. ಸಂಶೋಧನಾಲಯ."

"ನಿಮ್ಮ ಸಂಶೋಧನಾಲಯದಿಂದ ಇವತ್ತಿನವರೆಗೆ ಒಂದು ನೊಣ ಆದ್ರೂ ಹಾರಿದೆಯಾ?"

ಮಾತು ಸರಿಯಾದ ಜಾಗಕ್ಕೇ ನಾಟಿತು. ಲಿಫ್ಟಪ್ಪ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಘೋಷಿಸಿದ: "ಬರೋ ಭಾನುವಾರದೊಳಗೆ ಈ ವಿಮಾನ ಹಾರುತ್ತೆ. ಹಾರಿಸಿದವರಿಗೇ ಕೋಣೆ! ಹಾರದಿದ್ರೆ ಅತ್ತೆಗೆ!"

"ಹಾರಿಸಿದವರಿಗೇ ಕೋಣೆ" ಎಂದು ಹೆಂಡತಿ ಬಿಡಿಸಿ ಬಿಡಿಸಿ ಹೇಳಿದಳು. "ಆಡಿದ ಮಾತು ನೆನಪಿರಲಿ."

ಅಂದೇ ಅತ್ತೆಯ ಮನೆಯಿಂದ ಮುಂಗಡವಾಗಿ ಒಂದು ವಸ್ತು ಬಂದು ಕೋಣೆಯ ಕಪಾಟಿನ ಮೇಲೆ ಕುಳಿತಿತು. ಮಾವನವರ ಫೋಟೋ. ಮಾವ ಬದುಕಿದ್ದಾಗ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಬಾಯಲ್ಲಿ ಸದಾ ಪೆಪ್ಪರ್‌ಮಿಂಟ್, ತಲೆಗೆ ಉಣ್ಣೆಯ ಟೋಪಿ, ಮೈಗೆ ದಪ್ಪನೆಯ ಬೂದು ಕೋಟು, ಕಣ್ಣಲ್ಲಿ ಎದುರಿನವನು ಎಷ್ಟು ಕಡಿಮೆ ಇದ್ದಾನೆಂಬ ಲೆಕ್ಕ. ಅಂಗಡಿಯವರ ಕಳ್ಳತೂಕಗಳನ್ನು ಕಿತ್ತು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಅವರ ಮುಖವನ್ನೇ ನೋಡುತ್ತ ಕೂರುತ್ತಿದ್ದರಂತೆ. ಆ ಕಣ್ಣುಗಳು ತನ್ನ ವಿಮಾನವನ್ನು ತೂಗುತ್ತಿರುವಂತೆ ಕಂಡು, ಲಿಫ್ಟಪ್ಪ ಫೋಟೋವನ್ನು ಕಿಟಕಿಯ ಕಡೆಗೆ ತಿರುಗಿಸಿಟ್ಟ.

ಮರುದಿನ ಸಂಜೆ ಕೆಲಸದಿಂದ ಬಂದು ಬೀಗದ ಕೈ ತಿರುಗಿಸುವಾಗ ಒಳಗೆಲ್ಲೋ ಗುಂಯ್ ಎನ್ನುತ್ತಿದ್ದ ಸದ್ದು ತಟಕ್ಕನೆ ನಿಂತಿತು. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಹೊಲಿಗೆಯಂಗಡಿಯಿಂದ ಬರುವ ಹೊತ್ತಾಗಿರಲಿಲ್ಲ. ಹಿಂದಿನ ಕೋಣೆಯ ಬಾಗಿಲು ನೂಕಿದ. ತಿರುಗುವ ಕುರ್ಚಿ ಖಾಲಿಯಿತ್ತು. ಖಾಲಿಯಿದ್ದೂ ನಿಧಾನವಾಗಿ, ಬಹಳ ನಿಧಾನವಾಗಿ, ಎಡಕ್ಕೆ ತಿರುಗುತ್ತಿತ್ತು. ಅವನು ನೋಡುತ್ತಿದ್ದಂತೆ ಅವನ ಕಡೆಗೆ ಮುಖ ಮಾಡಿ ನಿಂತಿತು.

ಕಿಟಕಿಯ ಕಡೆಗಿದ್ದ ಮಾವನವರು ಈಗ ಕಂಪ್ಯೂಟರನ್ನೇ ನೋಡುತ್ತಿದ್ದರು.

"ಗಾಳಿ" ಎಂದುಕೊಂಡ ಲಿಫ್ಟಪ್ಪ. (ಕಿಟಕಿ ಮುಚ್ಚಿತ್ತು. ಆದರೆ ಧೈರ್ಯಸ್ಥರು ಅಂಥ ಸಣ್ಣಪುಟ್ಟ ಸಂಗತಿಗಳಿಗೆಲ್ಲ ತಲೆ ಕೊಡುವುದಿಲ್ಲ.) ಕುರ್ಚಿಯಲ್ಲಿ ಕುಳಿತರೆ ಮೊಣಕಾಲು ಮೇಜಿನ ಅಡಿಗೆ ಬಡಿಯಿತು. ಕುರ್ಚಿಯನ್ನು ಯಾರೋ ಎತ್ತರಿಸಿದ್ದರು. ಕೂತ ಜಾಗ ಬೆಚ್ಚಗಿತ್ತು. ಗಾಳಿಯಲ್ಲಿ ತೆಳುವಾಗಿ ಪೆಪ್ಪರ್‌ಮಿಂಟಿನ ವಾಸನೆ. ಪರದೆಯ ಮೇಲೆ ವಿಮಾನ ಅಲ್ಲಾಡದೆ ನಿಂತಿತ್ತು. ಅದರ ಮೈಯಿಂದ ಕಿತ್ತ ಕೆಲವು ಕಬ್ಬಿಣದ ಗಟ್ಟಿಗಳನ್ನು ಯಾರೋ ರನ್‌ವೇ ಪಕ್ಕದಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಟ್ಟಿದ್ದರು. ಸಂಜೆಯ ಬಿಸಿಲಿನಲ್ಲಿ ಅವುಗಳ ಉದ್ದನೆಯ ನೆರಳು ಗೋರಿಕಲ್ಲುಗಳ ನೆರಳಿನ ಹಾಗೆ ಬಿದ್ದಿತ್ತು.

ತೂಕ ಕಿತ್ತು ಸಾಲಾಗಿ ಇಡುವ ಕೈ ಅವನಿಗೆ ಗೊತ್ತಿದ್ದದ್ದು ಒಂದೇ.

ಹೆಂಡತಿ ಬಂದ ಕೂಡಲೇ ಕೇಳಿದ: "ಲೇ, ನನ್ನ ಕೋಣೆಗೆ ಯಾರಾದ್ರೂ ಹೋಗಿದ್ರಾ?"

"ಆ ಕೋಣೆಗೆ ಮನುಷ್ಯರು ಹೋಗ್ತಾರೇನ್ರೀ?" ಎಂದಳು ಆಕೆ, ಇತ್ತ ತಿರುಗದೆಯೇ.

ಮನುಷ್ಯರು ಹೋಗುವುದಿಲ್ಲ ಎಂಬ ಮಾತು ಲಿಫ್ಟಪ್ಪನ ಊಟವನ್ನು ಅರ್ಧಕ್ಕೇ ನಿಲ್ಲಿಸಿತು.

ಆಮೇಲೆ ದಿನಕ್ಕೊಂದು ಸೋಜಿಗ. ಅವನು ಕಿಟಕಿಗೆ ತಿರುಗಿಸಿದ ಫೋಟೋ ಸಂಜೆಯೊಳಗೆ ಪರದೆಗೆ ತಿರುಗಿರುತ್ತಿತ್ತು. ಅವನು ಹಟ ಹಿಡಿದು ಮತ್ತೆ ಕಟ್ಟಿದ ಗಟ್ಟಿಗಳು ಮತ್ತೆ ಕಳಚಿ ಸಾಲಿಗೆ ಸೇರಿರುತ್ತಿದ್ದವು. ಒಂದು ದಿನ ಪ್ರೊಪೆಲ್ಲರಿನ ಹಿಂದೆ ಇನ್ನೊಂದು ಪ್ರೊಪೆಲ್ಲರ್ ಹುಟ್ಟಿಕೊಂಡಿತ್ತು. ಅದು ಎದುರು ದಿಕ್ಕಿಗೆ ತಿರುಗುವಂಥದ್ದು. ಲಿಫ್ಟಪ್ಪ ಗುಂಡಿ ಒತ್ತಿದ. ಇಷ್ಟು ದಿನ ಬುಗುರಿಯಾಡುತ್ತಿದ್ದ ವಿಮಾನ ಗಂಭೀರವಾಗಿ, ನೆಟ್ಟಗೆ, ರನ್‌ವೇ ಉದ್ದಕ್ಕೂ ಓಡಿ, ಕೊನೆಯಲ್ಲಿ ಒಂದು ಗೇಣು ಎದ್ದು, ಮತ್ತೆ ಕೂತಿತು. ಇನ್ನು ಸ್ವಲ್ಪವೇ ಸ್ವಲ್ಪ ಭಾರ ಇಳಿದರೆ ಹಾರುತ್ತಿತ್ತು. ಸಂತೋಷಪಡಬೇಕಾದ ಗಳಿಗೆ ಅದು. ಆದರೆ ಅವನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಯಾಕೆಂದರೆ ಇಳಿಸಲು ವಿಮಾನದಲ್ಲಿ ಇನ್ನೊಂದು ಗಟ್ಟಿಯೂ ಉಳಿದಿರಲಿಲ್ಲ.

ಅದೇ ಸಂಜೆ ಕೋಣೆಯಿಂದ ಹೊರಗೆ ಬಂದವನು ಪಡಸಾಲೆಯ ಗೋಡೆಯ ಬುಡ ನೋಡಿ ಹಾಗೆಯೇ ನಿಂತುಬಿಟ್ಟ. ಕೋಣೆಯಲ್ಲಿದ್ದ ಅವನ ಹತ್ಯಾರಿನ ಪೆಟ್ಟಿಗೆ, ಅದರ ಪಕ್ಕ ಹಳೆಯ ಕೋಟು, ಅದರ ಪಕ್ಕ ಮಾಸಪತ್ರಿಕೆಗಳ ಕಟ್ಟು. ಒಂದರ ಪಕ್ಕ ಒಂದು. ಸಾಲಾಗಿ.

"ಇವನ್ನೆಲ್ಲ ಇಲ್ಲಿ ಇಟ್ಟೋರು ಯಾರೇ?"

"ಜಾಗಕ್ಕೆ ಭಾರ ಆಗಿತ್ತು" ಎಂದಳು ಹೆಂಡತಿ ಬಟ್ಟೆ ಮಡಿಸುತ್ತ. ಯಾರು ಎಂದು ಹೇಳಲಿಲ್ಲ. ಅವಳ ಧ್ವನಿಯೂ ಆ ಹೊತ್ತಿಗೆ ಅವಳ ಅಪ್ಪನದೇ ಅನ್ನಿಸಿತು.

ಶುಕ್ರವಾರ ಸಂಜೆ ಪರದೆಯ ಮೇಲೆ ವಿಮಾನವಿತ್ತು, ಪೈಲಟ್ ಇರಲಿಲ್ಲ. ಕೂರುವ ಜಾಗದಲ್ಲಿ, ಪೈಲಟ್ ಇಲ್ಲದೆಯೇ ವಿಮಾನ ನಡೆಸುವ ಒಂದು ಸಣ್ಣ ಯಂತ್ರದ ಡಬ್ಬಿ. ಲಿಫ್ಟಪ್ಪ ರನ್‌ವೇ ತುಂಬ ಹುಡುಕಿದ. ಗಟ್ಟಿಗಳ ಸಾಲಿನ ಕೊನೆಯಲ್ಲಿ, ತನ್ನದೇ ಹೆಸರು ಹೊತ್ತ ಆ ಗುಜ್ಜಾರಿ ಆಸಾಮಿ, ಇನ್ನೊಂದು ಗಟ್ಟಿಯ ಹಾಗೆ, ಕೈ ಇಳಿಬಿಟ್ಟು ನಿಂತಿದ್ದ. ವಿಮಾನವನ್ನು ನೋಡುತ್ತಿರಲಿಲ್ಲ. ಪರದೆಯ ಈಚೆಗೆ, ನೇರವಾಗಿ ಇವನನ್ನೇ ನೋಡುತ್ತಿದ್ದ.

ಅರ್ಥ ಸ್ಪಷ್ಟವಾಗಿತ್ತು. ಮಾವನವರು ಎಲ್ಲ ತೂಕ ಇಳಿಸಿ ಮುಗಿಸಿದ್ದರು. ಉಳಿದಿದ್ದ ಕೊನೆಯ ತೂಕ ಅಳಿಯ. ಇನ್ನು ಕೋಣೆಯ ಮಾತು ಹಾಗಿರಲಿ, ಈ ಭೂಮಿಯ ಮೇಲೇ ತನಗೆ ಜಾಗವಿದೆಯೋ ಇಲ್ಲವೋ ಎಂದು ಲಿಫ್ಟಪ್ಪನಿಗೆ ನಿಜವಾಗಿಯೂ ಅಳು ಬಂತು.

ಶನಿವಾರ ಅರ್ಧ ದಿನದ ಕೆಲಸ. ಮಟಮಟ ಮಧ್ಯಾಹ್ನ ಅವನು ಮನೆಗೆ ಬಂದಾಗ ಗುಂಯ್ ಎನ್ನುವ ಸದ್ದು ಈ ಸಲ ನಿಲ್ಲಲಿಲ್ಲ. ಪಡಸಾಲೆಯ ಸಾಲಿನಲ್ಲಿ ಹೊಸದೊಂದು ವಸ್ತು ಸೇರಿತ್ತು. ಅವನ ದಿಂಬು. ಹಿಂದಿನ ಕೋಣೆಯ ಬಾಗಿಲಿನ ಮಸುಕು ಗಾಜಿನ ಆಚೆ, ತಿರುಗುವ ಕುರ್ಚಿಯಲ್ಲಿ, ಒಂದು ಆಕೃತಿ ಕುಳಿತಿತ್ತು. ತಲೆಗೆ ಉಣ್ಣೆಯ ಟೋಪಿ. ಮೈಗೆ ಮಾವನವರ ದಪ್ಪನೆಯ ಬೂದು ಕೋಟು. ಕಟಕ್, ಕಟಕ್ ಎಂದು ಪೆಪ್ಪರ್‌ಮಿಂಟ್ ಕಡಿಯುವ ಸದ್ದು.

ಓಡಬೇಕೆಂದುಕೊಂಡವನು ಕಣ್ಣು ಮುಚ್ಚಿ, ಕೈ ಮುಗಿದು, ಬಾಗಿಲಿಗೆ ಹಣೆ ಹಚ್ಚಿ ನಿಂತ.

"ಮಾವಾ! ಕೋಣೆ ಅತ್ತೆಗೇ ಕೊಟ್ಟೆ. ಪಂಥ ಗಿಂಥ ಏನೂ ಬೇಡ. ಕುರ್ಚಿನೂ ಕೊಟ್ಟೆ, ಕಂಪ್ಯೂಟರೂ ಕೊಟ್ಟೆ. ನನ್ನೊಬ್ಬನ್ನ ಇಲ್ಲೇ ಬಿಟ್ಬಿಡಿ!"

ಒಳಗೆ ಕಡಿಯುವ ಸದ್ದು ನಿಂತಿತು. ಒಂದು ಕೆಮ್ಮು. ಆಮೇಲೆ ಗೊಗ್ಗರು ದನಿ: "ಆ ಹೀಟರ್ರು?"

"ಅದನ್ನೂ ಕೊಟ್ಟೆ!"

"ಹಂಗಾದ್ರೆ ಒಳಗೆ ಬನ್ನಿ ಅಳಿಯಂದ್ರೇ. ಬಾಗಿಲಾಚೆ ನಿಂತ್ರೆ ಚಳಿ ಹೊಡೆಯುತ್ತೆ."

ಅವನು ಬಾಗಿಲು ನೂಕಿದ. ಕುರ್ಚಿ ನಿಧಾನವಾಗಿ ಎಡಕ್ಕೆ ತಿರುಗಿತು. ಟೋಪಿಯ ಕೆಳಗೆ ಅತ್ತೆಯ ಮುಖ. ಕೋಟಿನ ತೋಳು ಉದ್ದವಾಗಿ ಬೆರಳು ಮಾತ್ರ ಕಾಣುತ್ತಿದ್ದವು. ಕುಳ್ಳಗಿನ ಅತ್ತೆಯ ಕಾಲು ಎತ್ತರಿಸಿದ ಕುರ್ಚಿಯಿಂದ ನೇತಾಡುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಚಹಾದ ಲೋಟ ಹಿಡಿದು ಹೆಂಡತಿ ಕುಳಿತಿದ್ದಳು.

"ಅತ್ತೆ... ನೀವಾ?"

"ಮಂಚ ಹಿಡಿಯುತ್ತೋ ಇಲ್ವೋ ಅಂತ ಅಳತೆ ನೋಡೋಕೆ ಬಂದಿದ್ದೆ" ಎಂದರು ಅತ್ತೆ. "ಈ ವಿಮಾನ ಗಿರಗಿರ ಸುತ್ತೋದು ನೋಡಿ ತಲೆ ತಿರುಗಿತು. ಒಂದು ಗಟ್ಟಿ ತೆಗೆದೆ. ಇನ್ನೊಂದು ತೆಗೆದೆ. ಆಮೇಲೆ ಬಿಟ್ಟು ಹೋಗೋಕೆ ಮನಸ್ಸೇ ಬರ್ಲಿಲ್ಲ. ಮುಟ್ಟಿದ್ದು ಗೊತ್ತಾದ್ರೆ ನೀವು ಮುಖ ಊದಿಸ್ಕೋತೀರಿ ಅಂತ ಇವಳು ಹೇಳಿದ್ಲು. ಅದಕ್ಕೇ ನೀವು ಬರೋ ಸದ್ದಾದ್ರೆ ಹಿತ್ತಿಲ ಬಾಗಿಲಿಂದ ಹೋಗ್ತಿದ್ದೆ."

"ಮತ್ತೆ ಆ ಎರಡನೇ ಪ್ರೊಪೆಲ್ಲರು? ಅದು ಹೆಂಗೆ ಹೊಳೀತು?"

"ಹೊಳೆಯೋದೇನು ಬಂತು? ನಿಮ್ಮ ಮಾವ ಈ ಕಡೆ ತಿರುಗಿದ್ರೆ ನಾನು ಆ ಕಡೆ ತಿರುಗ್ತಿದ್ದೆ. ಸಂಸಾರ ನೆಟ್ಟಗೆ ಹೋಯ್ತಲ್ಲ!"

ಅತ್ತೆ ಫೋಟೋದ ಕಡೆ ನೋಡಿದರು. "ದಿನಾ ಒರೆಸಿ ಈ ಕಡೆ ತಿರುಗಿಸಿಡ್ತೀನಿ. ಅವರಿಗೂ ಕಾಣ್ಲಿ ಅಂತ. ಒಬ್ಬಳೇ ನೋಡೋಕೆ ಬೇಜಾರು." ಆ ಫೋಟೋವನ್ನು ಪ್ರತಿದಿನ ಕಿಟಕಿಗೆ ತಿರುಗಿಸಿದ್ದಕ್ಕೆ ಲಿಫ್ಟಪ್ಪನಿಗೆ ನಾಚಿಕೆಯಾಯಿತು.

"ಈಗ ನೋಡಿ" ಎಂದು ಅತ್ತೆ ಗುಂಡಿ ಒತ್ತಿದರು. ಎರಡು ಪ್ರೊಪೆಲ್ಲರುಗಳು ಎದುರುಬದುರಾಗಿ ಗುಂಯ್ಗುಟ್ಟಿದವು. ವಿಮಾನ ಓಡಿತು, ಎದ್ದಿತು, ಏರಿತು. ಸಮುದ್ರದ ಮೇಲೆ ಒಂದು ದೊಡ್ಡ ಸುತ್ತು ಹಾಕಿ, ಮಗು ತೊಟ್ಟಿಲಿಗೆ ಇಳಿದಷ್ಟು ಮೆತ್ತಗೆ ರನ್‌ವೇಗೆ ಇಳಿಯಿತು. ತಾನು ಬಾಳೆಲ್ಲ ಕಾದಿದ್ದ ಹಾರಾಟವನ್ನು ಲಿಫ್ಟಪ್ಪ ಬಾಗಿಲಲ್ಲಿ ನಿಂತು ನೋಡಿದ. ಹೊಟ್ಟೆಕಿಚ್ಚು ಪಡಲೂ ಅವನಿಗೆ ಪುರುಸೊತ್ತಾಗಲಿಲ್ಲ, ಅಷ್ಟು ಚೆನ್ನಾಗಿತ್ತು.

"ಹಾರಿತು!" ಎಂದ. "ಭಾನುವಾರದೊಳಗೇ ಹಾರಿತು! ಹಾಗಾದ್ರೆ ಕೋಣೆ..."

"ಹಾರಿಸಿದವರಿಗೇ" ಎಂದಳು ಹೆಂಡತಿ. "ಹಾರದಿದ್ರೂ ಅಮ್ಮನಿಗೆ, ಹಾರಿದ್ರೂ ಅಮ್ಮನಿಗೆ. ಎರಡೂ ನೀವೇ ಆಡಿದ ಮಾತು. ಹೀಟರ್ ಮಾತ್ರ ನೀವು ಪ್ರೀತಿಯಿಂದ ಕೊಟ್ಟಿದ್ದು. ಕುರ್ಚಿನೂ ಅಮ್ಮಂದಾಯ್ತಲ್ಲ, ಅದರಲ್ಲಿ ನೀವು ಮಾಡ್ತಿದ್ದ ಹಗಲುನಿದ್ದೆ ಇನ್ನು ಪಡಸಾಲೆ ಬೆಂಚಿನ ಮೇಲೆ. ದಿಂಬು ಅಲ್ಲೇ ಇಟ್ಟಿದೀನಿ."

ಲಿಫ್ಟಪ್ಪ ಹೊರಗೆ ಬಂದು ದಿಂಬನ್ನು ಎತ್ತಿ ಎದೆಗೆ ಅವುಚಿಕೊಂಡ. ಹತ್ಯಾರಿನ ಪೆಟ್ಟಿಗೆ, ಕೋಟು, ಪತ್ರಿಕೆಗಳ ಕಟ್ಟು, ಅವುಗಳ ಕೊನೆಯಲ್ಲಿ ತಾನು. ತೆರೆದ ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಅಲ್ಲಿಯೂ ಗಟ್ಟಿಗಳ ಸಾಲಿನ ಕೊನೆಯಲ್ಲಿ ಆ ಗುಜ್ಜಾರಿ ಇನ್ನೂ ನಿಂತಿದ್ದ.

"ಪಾಪ, ಅವನನ್ನ ವಾಪಸ್ ಹತ್ತಿಸ್ಕೊಳ್ಳಲ್ವಾ ಅತ್ತೆ?"

"ನೋಡೋಣ" ಎಂದರು ಅತ್ತೆ, ಎರಡು ಕೈಯಲ್ಲೂ ಚಹಾದ ಲೋಟ ಹಿಡಿದು ಗುಟುಕರಿಸುತ್ತ. "ಸದ್ಯಕ್ಕೆ ಹಗುರಾಗಿ ಹೋಗ್ತಾ ಇದೆ. ನೀವು ಸ್ವಲ್ಪ ಪಕ್ಕಕ್ಕೆ ಸರೀರಿ, ಬೆಳಕಿಗೆ ಅಡ್ಡ."

ಲಿಫ್ಟಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಪರದೆಯ ಮೇಲೆ ಆ ಗುಜ್ಜಾರಿಯೂ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಕೀಬೋರ್ಡನ್ನು ಯಾರೂ ಮುಟ್ಟಿರಲಿಲ್ಲ.