ನನ್ನ ಕತ್ತಿಗೂ ಒಂದು ಮಂಗಳಾರತಿ

ಸ್ವಂತ ಸ್ಕೂಟರಿನ ಬ್ರೇಕು ಸರಿಮಾಡಿಸಲು ಇವತ್ತು ನಾಳೆ ಎಂದು ದಿನ ದೂಡುವ ಮನುಷ್ಯನೊಬ್ಬ, ಕಂಪ್ಯೂಟರಿನೊಳಗಿನ ವೀರನ ಕತ್ತಿಗೆ ಹರಳು ಕೂರಿಸಲು ಊಟ ಬಿಟ್ಟು ಕೂರುತ್ತಾನೆಂದರೆ ನೀವು ನಂಬಲಿಕ್ಕಿಲ್ಲ. ಆ ಮನುಷ್ಯ ನಾನೇ ಆಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ. ತುಮಕೂರಿನಿಂದ ಗುಬ್ಬಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ ನಾನು. ಮನೆಗೆ ಕಂಪ್ಯೂಟರು ಬಂದದ್ದು ಹೆಂಡತಿ ಗಿರಿಜ ಟೈಪಿಂಗ್ ಕಲಿಯಲಿ ಎಂದು. ಕುಣಿಗಲ್ಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಬಾಮೈದ ಲೋಕೇಶ ಅದನ್ನು ಜೋಡಿಸಿಕೊಟ್ಟು, "ಇರ್ಲಿ ಭಾವ, ಟೈಂಪಾಸಿಗೆ" ಎಂದು ಒಂದು ಆಟವನ್ನೂ ತುಂಬಿ ಹೋದ. ಗಿರಿಜ ಟೈಪಿಂಗ್ ಕಲಿಯಲಿಲ್ಲ. ಕುರ್ಚಿ ಖಾಲಿ ಆದರೆ ತಾನೇ ಕಲಿಯುವುದು!

ಆಟ ಸರಳ. ಒಬ್ಬ ವೀರ, ಪಾತಾಳಕ್ಕಿಳಿಯುವ ಗುಹೆ, ತುಂಬಾ ರಾಕ್ಷಸರು. ಕಡಿದರೆ ಸಾಯುತ್ತಾರೆ, ಸತ್ತರೆ ಏನಾದರೂ ಸಾಮಾನು ಬೀಳಿಸುತ್ತಾರೆ. ನಿಜವಾದ ಮಜಾ ಇರುವುದು ಕಡಿಯುವುದರಲ್ಲಲ್ಲ, ಆ ಸಾಮಾನಿನಲ್ಲಿ. ಯಾವ ಕವಚ ಹಾಕಬೇಕು, ಯಾವ ಉಂಗುರ ಬಿಡಬೇಕು ಎಂದು ನಾನು ಪಟ್ಟ ಯೋಚನೆಯ ಕಾಲು ಭಾಗವನ್ನು ನನ್ನ ಮದುವೆಯ ಕಾಲದಲ್ಲೂ ಪಟ್ಟಿರಲಿಲ್ಲ. ಒಂದು ದಿನ ಎರಡು ತೂತಿರುವ ಕತ್ತಿ ಸಿಕ್ಕಿಬಿಟ್ಟಿತು. ತೂತಿಗೆ ಹರಳು ಕೂರಿಸಿದರೆ ಕತ್ತಿಗೆ ಹೊಸ ಶಕ್ತಿ ಬರುತ್ತದೆ. ಕೆಂಪು ಸುಡುತ್ತದೆ, ನೀಲಿ ಹೆಪ್ಪುಗಟ್ಟಿಸುತ್ತದೆ. ಆದರೆ ಒಮ್ಮೆ ಕೂರಿಸಿದ ಹರಳನ್ನು ಮತ್ತೆ ತೆಗೆಯುವ ಹಾಗಿಲ್ಲ. ಗುಬ್ಬಿ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗ್ರೀ?" ಎಂದರೆ "ಕೆಂಪೇ ಸರಿ" ಎಂದು ಉತ್ತರ ಕೊಟ್ಟವನು ನಾನು. ಕೊನೆಗೆ ಒಂದು ಕೆಂಪು, ಒಂದು ನೀಲಿ ಕೂರಿಸಿ ಬೀಸಿ ನೋಡಿದೆ. ಅಬ್ಬಾ! ಎದುರಿಗಿದ್ದ ರಾಕ್ಷಸ ಉರಿಯುತ್ತಲೇ ಮರಗಟ್ಟಿ ನಿಂತ. "ಗಿರಿಜಾ, ಬಾರೇ ಇಲ್ಲಿ!" ಎಂದು ಕುರ್ಚಿಯಿಂದ ಎದ್ದು ಕುಣಿದೆ. "ರೀ, ಕುಕ್ಕರ್ ಎಷ್ಟ್ ಸಲ ಕೂಗ್ತು ನೋಡಿದ್ರಾ?" ಎಂದು ಒಳಗಿನಿಂದ ಕೇಳಿದಳು. ನೋಡಿರಲಿಲ್ಲ. ಅನ್ನ ಮುದ್ದೆಯಾಗಿತ್ತು.

ಇನ್ನು ಉಳಿದದ್ದು ತಳದಲ್ಲಿರುವ ದೊಡ್ಡ ರಾಕ್ಷಸ ಒಬ್ಬನೇ. ಅಷ್ಟರಲ್ಲಿ ಲೋಕೇಶನ ಫೋನು: "ಅಕ್ಕ ಹೇಳಿದ್ದು ನೋಡಿದ್ರೆ ನಿಮ್ ಸಿಸ್ಟಮ್ ತುಂಬಾ ವೈರಸ್ ಅದೆ ಭಾವ. ವಿಜಯದಶಮಿಗೆ ಬಂದು ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನಿ." ಎಲ್ಲಾ ಎಂದರೆ ನನ್ನ ವೀರನೂ ಸೇರಿ. ನಡುವೆ ಇದ್ದದ್ದು ಆಯುಧಪೂಜೆಯ ರಜೆ ಒಂದೇ. ಅವತ್ತು ಆ ರಾಕ್ಷಸನ ಕಥೆ ಮುಗಿಯಲೇಬೇಕು.

ಹಬ್ಬದ ದಿನ ಸ್ನಾನ ಮುಗಿಸಿ ಬಂದರೆ ಅಮ್ಮ ನನಗಿಂತ ಮುಂದಿದ್ದಳು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ವಿಭೂತಿ ಬಳಿದು, ಹೂವು ಮುಡಿಸಿ, ಕಂಪ್ಯೂಟರಿನ ಹಣೆಗೂ ಮೂರು ಪಟ್ಟೆ ಎಳೆದಿದ್ದಳು. ನಾನು ಮೆಲ್ಲಗೆ ಆಟ ಹಚ್ಚಿದೆ.

"ಇವತ್ತು ಆಯುಧ ಮುಟ್ಟಂಗಿಲ್ಲ ಕಣೋ."

"ಇದು ಆಯುಧ ಅಲ್ಲಮ್ಮ, ಕಂಪ್ಯೂಟ್ರು."

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಮತ್ತೆ ಅವನ ಕೈಲಿರೋದೇನು, ಸೌಟಾ? ಕೆಳಗಿಡ್ಸು. ಮೊದ್ಲು ಪೂಜೆ ಆಗ್ಲಿ, ಆಮೇಲೆ ನೋಡಾನ."

ನನಗೆ ಎಲ್ಲಿಲ್ಲದ ಉತ್ಸಾಹ ಬಂತು. ಇಷ್ಟು ದಿನದಲ್ಲಿ ನನ್ನ ಕತ್ತಿಯನ್ನು ಕಣ್ಣೆತ್ತಿ ನೋಡಿದವರು ಅಮ್ಮ ಒಬ್ಬಳೇ! ಅವಳು ಹೇಳಿದ್ದು ಕತ್ತಿ ಮಾತ್ರ. ನಾನು ಶಿರಸ್ತ್ರಾಣ, ಕವಚ, ಗುರಾಣಿ, ಬೂಟು, ಉಂಗುರ ಎಲ್ಲವನ್ನೂ ಬಿಚ್ಚಿಸಿ ಆಟದೊಳಗಿನ ಊರಬಾವಿಯ ಪಕ್ಕ ನೆಲದ ಮೇಲೆ ಸಾಲಾಗಿ ಜೋಡಿಸಿದೆ. "ಇದು ಬೆಂಕಿ ತಡೆಯುತ್ತಮ್ಮ, ಇದು ವಿಷ ತಡೆಯುತ್ತೆ" ಎಂದು ಒಂದೊಂದನ್ನೂ ತೋರಿಸಿದೆ. ಅಮ್ಮ ಹೂವು ಹಾಕಿದಳು. ಚಡ್ಡಿಯಲ್ಲಿ ನಿಂತ ವೀರನಿಗೂ ಒಂದೆರಡು ಅಕ್ಷತೆ ಬಿತ್ತು. ಕರ್ಪೂರ ಬೆಳಗಿ ಗಂಟೆ ಬಾರಿಸಿದಾಗ ನಾನು ನಿಜವಾದ ಭಕ್ತಿಯಿಂದ ಕಣ್ಣು ಮುಚ್ಚಿ ಕೈಮುಗಿದೆ. ಆಗಲೇ ಟಕ್ ಎಂದು ಸದ್ದಾಯಿತು.

ಕಣ್ಣು ಬಿಟ್ಟರೆ ಪರದೆ ಕಪ್ಪಗಿತ್ತು. ಅಮ್ಮನ ಬೆರಳು ಇನ್ನೂ ಗೋಡೆಯ ಸ್ವಿಚ್ಚಿನ ಮೇಲಿತ್ತು. ಮಿಕ್ಸಿಯದನ್ನೂ ಆಗಲೇ ಆರಿಸಿ ಬಂದಿದ್ದಳು. "ಇವತ್ತೊಂದಿನ ಮಲಗ್ಲಿ ಬುಡು ಪಾಪ, ವರ್ಷವೆಲ್ಲಾ ದುಡೀತವೆ" ಎಂದು ನನ್ನ ಕೈಗೆ ಪ್ರಸಾದ ಇಟ್ಟಳು.

ಆ ಆಟದಲ್ಲಿ ಮೈಮೇಲಿದ್ದದ್ದು ಉಳಿಯುತ್ತದೆ, ಊರಿನ ಸಾಮಾನು ಪೆಟ್ಟಿಗೆಯಲ್ಲಿಟ್ಟದ್ದು ಉಳಿಯುತ್ತದೆ. ನೆಲದ ಮೇಲಿದ್ದದ್ದು ಆಟ ನಿಂತ ಕೂಡಲೇ ಮಾಯ. ಅಮ್ಮ ಅತ್ತ ಹೋದ ಮೇಲೆ ಕದ್ದು ಮತ್ತೆ ಹಚ್ಚಿದಾಗ ಬಾವಿಯ ಪಕ್ಕ ಬರಿನೆಲ, ಪಕ್ಕದಲ್ಲಿ ಚಡ್ಡಿ ಹಾಕಿದ ವೀರ. ಇರಲಿ, ನಾಳೆ ಹೇಗೂ ಎಲ್ಲಾ ಅಳಿಸಿಹೋಗುತ್ತದೆ, ಈ ಅವಮಾನವೂ ಅದರ ಜೊತೆಗೇ ಹೋಗಲಿ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಲೋಕೇಶ ಬಂದು ಮಧ್ಯಾಹ್ನದವರೆಗೆ ಕೂತು ಕೆಲಸ ಮುಗಿಸಿದ. ಆಮೇಲೆ ನಗುತ್ತಾ, "ಭಾವ, ಅಷ್ಟು ಕಷ್ಟಪಟ್ಟಿದಾರೆ ಅಂತ ಅಕ್ಕ ಹೇಳಿದ್ಲು. ನಿಮ್ಮ ಆಟ ಮಾತ್ರ ಸೀಡಿಗೆ ಹಾಕ್ಕೊಂಡು ಜೋಪಾನವಾಗಿ ವಾಪಸ್ ಹಾಕಿದೀನಿ, ನೋಡಿ" ಎಂದು ತೆರೆದು ತೋರಿಸಿದ. ಚಡ್ಡಿಯ ವೀರ ನಮ್ಮೆಲ್ಲರ ಮುಂದೆ ಎದೆಯುಬ್ಬಿಸಿ ನಿಂತ. ಗಿರಿಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ಅಯ್ಯೋ ಭಾವ, ಅಲ್ಲೇ ಪಕ್ಕದಲ್ಲಿ ಪೆಟ್ಟಿಗೆ ಇತ್ತಲ್ಲ? ಅದ್ರೊಳಗೆ ಇಟ್ಟಿದ್ರೆ ಏನೂ ಆಗ್ತಿರ್ಲಿಲ್ಲ."

ಪೆಟ್ಟಿಗೆ ಇತ್ತು. ಇದೆಯೆಂದು ನನಗೂ ಗೊತ್ತಿತ್ತು. ಆದರೆ ಪೆಟ್ಟಿಗೆಯೊಳಗಿಟ್ಟಿದ್ದರೆ ಅಮ್ಮನಿಗೆ ಕಾಣಿಸುತ್ತಿರಲಿಲ್ಲವಲ್ಲ.